ಶೆಡ್ಡಿನ ಜೀಪು: ಮೊದಲು ಬ್ರೇಕ್, ಕೊನೆಗೆ ಪೇಂಟ್

ಮಲೆನಾಡಿನ ಎಷ್ಟೋ ತೋಟಗಳ ಶೆಡ್ಡಿನಲ್ಲಿ ಹಳೇ ಮಹೀಂದ್ರ ಜೀಪೊಂದು ಮಲಗಿರುತ್ತೆ. ನಮ್ಮಲ್ಲೂ ಅಪ್ಪ ಓಡಿಸುತ್ತಿದ್ದ ಎಂಎಂ 540 ಇತ್ತು. ಆರು ಮಳೆಗಾಲ ನಿಂತಿದ್ದ ಗಾಡಿ. ಹೊಸ ಬ್ಯಾಟರಿ ಹಾಕಿ, ಡೀಸೆಲ್ ಫಿಲ್ಟರ್ ಬದಲಿಸಿ, ಲೈನಿನ ಗಾಳಿ ತೆಗೆದ ಮೇಲೆ ಎಂಜಿನ್ ಸ್ಟಾರ್ಟ್ ಆಯ್ತು. ಆ ಖುಷಿಯಲ್ಲೇ ಇಳಿಜಾರಿಗೆ ಬಿಟ್ಟೆ. ಬ್ರೇಕ್ ಪೆಡಲ್ ಸೀದಾ ನೆಲಕ್ಕೇ ಹೋಯ್ತು! ಗೊಬ್ಬರದ ರಾಶಿ ಅಡ್ಡ ಸಿಕ್ಕಿತು, ಬಚಾವಾದೆ.

ಹಾಗಾಗಿ ಎಂಜಿನ್‌ಗಿಂತ ಮೊದಲು ನಾಲ್ಕೂ ಚಕ್ರದ ಡ್ರಮ್ ಬಿಚ್ಚಿ ನೋಡಿ. ಬ್ರೇಕ್ ಆಯಿಲ್ ತೇವ ಹೀರುತ್ತೆ. ನಿಂತ ಗಾಡಿಯಲ್ಲಿ ವೀಲ್ ಸಿಲಿಂಡರ್ ಒಳಗೇ ತುಕ್ಕು ಹಿಡಿದಿರುತ್ತೆ. ಮಾಸ್ಟರ್ ಸಿಲಿಂಡರ್ ಕಿಟ್, ಹೋಸ್ ಪೈಪ್ ಎಲ್ಲಾ ಹೊಸದೇ ಹಾಕಿ, ಇಲ್ಲಿ ಜುಗ್ಗತನ ಬೇಡ. ಜಾಕ್ ಒಂದನ್ನೇ ನಂಬಿ ಅಡಿಗೆ ನುಗ್ಗಬೇಡಿ, ಚಾಸಿ ಕೆಳಗೆ ಗಟ್ಟಿ ದಿಮ್ಮಿ ಕೊಡಿ.

ಆಮೇಲೆ ಚಾಸಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಠಣ್ ಅಂದರೆ ಸರಿ. ಸದ್ದು ಮಂಕಾದರೆ ಒಳಗೆ ತುಕ್ಕು ತಿಂದಿರಬಹುದು. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಕೇಬಲ್ ಕಳಚಿ. ಚಾಸಿ ನಂಬರ್ ಇರುವ ಜಾಗಕ್ಕೆ ಮಾತ್ರ ಗ್ರೈಂಡರ್ ತಾಗಿಸಬೇಡಿ. ಆರ್‌ಸಿ ರಿನ್ಯೂವಲ್‌ಗೆ ಹೋದಾಗ ಅದನ್ನು ನೋಡ್ತಾರೆ.

ಗೇರ್‌ಬಾಕ್ಸ್, ಆಕ್ಸಲ್‌ಗಳ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಅಂತ ಅರ್ಥ. ಬದಲಿಸಿ, ಸೀಲ್‌ಗಳನ್ನೂ ನೋಡಿ. ಫೋರ್‌ವೀಲ್ ಪರೀಕ್ಷೆ ಕೆಸರಲ್ಲೇ ಆಗಲಿ. ಒಣ ಟಾರ್ ರಸ್ತೆಯಲ್ಲಿ ಚಕ್ರ ಜಾರೋದಿಲ್ಲ, ತಿರುವಿನಲ್ಲಿ ಹೊರೆಯೆಲ್ಲ ಗೇರುಗಳ ಮೇಲೆ ಬೀಳುತ್ತೆ.

ನಮ್ಮ ಜೀಪಿಗೆ ಪೇಂಟ್ ಇನ್ನೂ ಆಗಿಲ್ಲ. ಈ ಸಲದ ಅಡಿಕೆ ಕೊನೆಗಳನ್ನು ಮಾತ್ರ ಅದೇ ಹೊತ್ತು ತಂದಿದ್ದು.