ಆರ್ಗನ್ ದೊಡ್ಡದಾಗುವಾಗ

ಪೈಪ್ ಆರ್ಗನ್ನಿಗೆ ಹೊಸ ಕೊಳವೆ ಸೇರಿಸುವ ಮೊದಲು ಗಾಳಿಯ ಲೆಕ್ಕ ಹಾಕಬೇಕು. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಚರ್ಚಿನಲ್ಲಿ ಅಂಥದೊಂದು ವಾದ್ಯವಿದೆ; ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಪೀಟರ್ ಕೊನಾಕರ್ ಕಂಪನಿ 1881ರಲ್ಲಿ ಕಟ್ಟಿದ್ದು.

ಓಬಳಾಪುರ, ರಾಯದುರ್ಗ, ಮಡಕಶಿರದ ಕಡೆ ನಾಟಕ ನೋಡಿ ಬೆಳೆದವರಿಗೆ ಕಾಲಲ್ಲಿ ತಿದಿ ಒತ್ತುವ ಹಾರ್ಮೋನಿಯಂ ಗೊತ್ತು. ಆರ್ಗನ್ನಿಗೂ ತಿದಿ ಇದೆ, ಬೆರಳಲ್ಲಿ ಒತ್ತುವ ಮನೆಗಳಿವೆ. ಹಾರ್ಮೋನಿಯಂನಲ್ಲಿ ನುಡಿಯುವುದು ಹಿತ್ತಾಳೆಯ ರೀಡು. ಆರ್ಗನ್ನಿನ ಬಹುಪಾಲು ಕೊಳವೆಗಳಲ್ಲಿ ಮಾತ್ರ ಕೊಳಲಿನ ಹಾಗೆ ಗಾಳಿಯೇ ಅಂಚಿಗೆ ಬಡಿದು ನುಡಿಯುತ್ತದೆ. 8 ಅಡಿಯ ತೆರೆದ ಕೊಳವೆ ಸೆಕೆಂಡಿಗೆ ಸುಮಾರು 65 ಸಲ ಕಂಪಿಸುತ್ತದೆ. 16 ಅಡಿಯದು ಅದರ ಅರ್ಧ, ಅಂದರೆ ಒಂದು ಸ್ಥಾಯಿ ಕೆಳಗೆ. ತುದಿ ಮುಚ್ಚಿಬಿಟ್ಟರೆ 8 ಅಡಿಯದೇ ಆ ಮಂದ್ರಸ್ವರ ಕೊಡುತ್ತದೆ. ಸಣ್ಣ ಚರ್ಚುಗಳಿಗೆ ಇದು ದೊಡ್ಡ ಉಪಕಾರ.

ಜೀರ್ಣೋದ್ಧಾರಕ್ಕೆ ಕೈಹಾಕಿದವರು ಒಂದೊಂದೇ ಕೊಳವೆಗೆ ಗುರುತು ಹಾಕಿ ಕೆಳಗಿಳಿಸುತ್ತಾರೆ. ತವರ-ಸೀಸದ ಮಿಶ್ರಲೋಹ ಮೃದು. ದೊಡ್ಡವು ತಮ್ಮ ಭಾರಕ್ಕೇ ಕುಸಿದಿರುತ್ತವೆ. ತಿದಿಯ ಚರ್ಮ ಒಣಗಿ ಬಿರಿಯುತ್ತದೆ, ಇಲಿ ಕಡಿಯುತ್ತದೆ, ನಮ್ಮ ಬೇಸಿಗೆಗೆ ಕೊಳವೆಗಳು ನಿಂತಿರುವ ಮರದ ಗಾಳಿಪೆಟ್ಟಿಗೆ ಸೀಳುತ್ತದೆ. ಆ ಸೀಳಿನಿಂದ ಗಾಳಿ ಪಕ್ಕದ ಕೊಳವೆಗೆ ನುಗ್ಗಿದರೆ, ಯಾರೂ ಮನೆ ಒತ್ತದಿದ್ದರೂ ಅದು ಕೂಗುತ್ತಲೇ ಇರುತ್ತದೆ.

ವಿಸ್ತರಣೆ ಇದಕ್ಕಿಂತ ಕಷ್ಟ. ಒಂದು ಹೊಸ ಸ್ಟಾಪ್, ಅಂದರೆ ಒಂದೇ ಬಗೆಯ ದನಿಯ ಕೊಳವೆಗಳ ಸಾಲು, ಎಂದರೆ ಸಾಮಾನ್ಯವಾಗಿ ಪ್ರತಿ ಮನೆಗೊಂದರಂತೆ 56 ಅಥವಾ 61 ಕೊಳವೆ. ಎಲ್ಲಕ್ಕೂ ಒಂದೇ ಒತ್ತಡದ ಗಾಳಿ ಬೇಕು. ತಿದಿ, ಬ್ಲೋವರ್, ಗಾಳಿಯ ನಾಳಗಳು ಹಳೆಯ ಅಳತೆಯಲ್ಲೇ ಉಳಿದರೆ, ಎಲ್ಲ ಸ್ಟಾಪ್ ಎಳೆದು ನುಡಿಸಿದಾಗ ಒತ್ತಡ ಬಿದ್ದು ಶ್ರುತಿ ಇಳಿಯುತ್ತದೆ.

ಸೆಖೆಯೂ ಶ್ರುತಿ ಕೆಡಿಸುತ್ತದೆ. ತಾಪಮಾನ 10 ಡಿಗ್ರಿ ಏರಿದರೆ ಶಬ್ದದ ವೇಗ ಹೆಚ್ಚಿ, ಕೊಳಲಿನಂಥ ಕೊಳವೆಗಳ ಶ್ರುತಿ ಹೆಚ್ಚುಕಡಿಮೆ ಅರ್ಧಸ್ವರದ ಮೂರನೇ ಒಂದು ಭಾಗ ಮೇಲೇರುತ್ತದೆ. ರೀಡಿರುವ ಕೊಳವೆಗಳು ಅಷ್ಟು ಏರುವುದಿಲ್ಲ. ಹಾಗಾಗಿ ಬೆಳಗ್ಗೆ ಕೂಡಿದ್ದ ಶ್ರುತಿ ಮಧ್ಯಾಹ್ನ ಬಿಟ್ಟುಹೋಗುತ್ತದೆ.

ಹೊಸ ಕೊಳವೆಯ ಬಾಯಿಯನ್ನು ಆರ್ಗನ್ ಇರುವ ಚರ್ಚಿನಲ್ಲೇ, ಹಳೆಯದರ ಜೊತೆ ನುಡಿಸಿ ಕೇಳುತ್ತ ಕೂದಲೆಳೆಯಷ್ಟು ತಿದ್ದಬೇಕು. ಹೊಸದಕ್ಕಾಗಿ ಹಳೆಯದರ ಬಾಯಿ ಕೊಯ್ಯುವುದು ಶುದ್ಧ ತಪ್ಪು. ಆ ದನಿ ಮತ್ತೆ ಬರುವುದಿಲ್ಲ. ಆರ್ಗನ್ ಕೆಟ್ಟಿತೆಂದು ಎಲೆಕ್ಟ್ರಾನಿಕ್ ಕೀಬೋರ್ಡು ತರುವ ಸಭೆಗಳು, ದಯವಿಟ್ಟು ಮೊದಲು ತಿದಿಯ ಚರ್ಮವನ್ನೊಮ್ಮೆ ಬಲ್ಲವರಿಗೆ ತೋರಿಸಲಿ.