ಹಳೆಯ ಗಣಕಯಂತ್ರದ ಹಾರ್ಡ್ ಡಿಸ್ಕ್: ಮೊದಲು ಪ್ರತಿ, ಅನಂತರ ಚಿಕಿತ್ಸೆ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರ ಅನೇಕ ಮನೆಗಳಲ್ಲಿ ಹತ್ತು ಹದಿನೈದು ವರ್ಷಗಳ ಹಿಂದೆ ಕೊಂಡ ಗಣಕಯಂತ್ರವೊಂದು ಇಂದಿಗೂ ಮೂಲೆಯ ಮೇಜನ್ನು ಅಲಂಕರಿಸಿದೆ. ಮಾರಲು ಹೊರಟರೆ ಅದಕ್ಕೆ ಬರುವ ಬೆಲೆ ಅತ್ಯಲ್ಪ. ಆದರೆ ಅದರ ಒಡಲಲ್ಲಿರುವ ಸಂಗ್ರಹಕ್ಕೆ ಬೆಲೆ ಕಟ್ಟಲಾಗದು. ಮಕ್ಕಳ ನಾಮಕರಣದ ಛಾಯಾಚಿತ್ರಗಳು, ಊರಿನ ಜಮೀನಿನ ಪಹಣಿಯ ಪ್ರತಿ, ಆದಾಯ ತೆರಿಗೆಯ ಲೆಕ್ಕಪತ್ರ, ಹಿರಿಯರು ಹೇಳಿ ಬರೆಸಿದ ವಂಶಾವಳಿ, ಇವೆಲ್ಲವೂ ಹಾರ್ಡ್ ಡಿಸ್ಕ್ ಎಂಬ, ಅಂಗೈಯಲ್ಲಿ ಹಿಡಿಯಬಹುದಾದ ಲೋಹದ ಪೆಟ್ಟಿಗೆಯಲ್ಲಿ ಅಡಗಿವೆ. ಯಂತ್ರ ಕೆಟ್ಟರೆ ಇನ್ನೊಂದನ್ನು ಕೊಳ್ಳಬಹುದು. ಸಂಗ್ರಹ ಹೋದರೆ ಹೋದಂತೆಯೇ. ಆದುದರಿಂದ ಡಿಸ್ಕಿನಲ್ಲಿ ದೋಷ ಕಾಣಿಸಿಕೊಂಡಾಗ ಪಾಲಿಸಬೇಕಾದ ಕ್ರಮ ಒಂದೇ: ಮೊದಲು ಪ್ರತಿ, ಅನಂತರ ಪರೀಕ್ಷೆ, ಕೊನೆಯಲ್ಲಿ ದುರಸ್ತಿ. ಬಹುಪಾಲು ನಷ್ಟಗಳು ಈ ಕ್ರಮವನ್ನು ತಲೆಕೆಳಗು ಮಾಡುವುದರಿಂದ ಸಂಭವಿಸುತ್ತವೆ.

ಡಿಸ್ಕಿನ ಅಂಗರಚನೆ

1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅವೆಲ್ಲ ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದಿನ ಡಿಸ್ಕಿನ ತತ್ತ್ವವೂ ಅದೇ. ಕಾಂತೀಯ ಲೇಪವಿರುವ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ಶಿರವು ತಟ್ಟೆಯನ್ನು ಮುಟ್ಟದೆ, ತಲೆಗೂದಲಿನ ದಪ್ಪಕ್ಕಿಂತ ಸಾವಿರಾರು ಪಾಲು ಕಿರಿದಾದ ಅಂತರದಲ್ಲಿ, ಗಾಳಿಯ ಪದರದ ಮೇಲೆ ತೇಲುತ್ತದೆ. ಧೂಳಿನ ಕಣವೊಂದು ಒಳಹೊಕ್ಕರೂ ಅನಾಹುತವಾಗಲು ಇದೇ ಕಾರಣ.

ಡಿಸ್ಕನ್ನು ದೊಡ್ಡದೊಂದು ಲೆಡ್ಜರ್ ಪುಸ್ತಕಕ್ಕೆ ಹೋಲಿಸಬಹುದು. ಅದರ ಪುಟಗಳೇ ಸೆಕ್ಟರ್‌ಗಳು. ಹಳೆಯ ಡಿಸ್ಕುಗಳಲ್ಲಿ ಒಂದೊಂದು ಸೆಕ್ಟರ್ 512 ಬೈಟುಗಳದು. ಯಾವ ಕಡತ ಯಾವ ಪುಟದಲ್ಲಿದೆ ಎಂದು ತಿಳಿಸುವ ಸೂಚಿಯೊಂದು ಇರುತ್ತದೆ. ಪುಟ ಹಾಳಾದರೆ ಬಳಸಲೆಂದು ಕೆಲವು ಪುಟಗಳನ್ನು ಮೀಸಲಾಗಿ ಬಿಟ್ಟಿರುತ್ತಾರೆ. ಪುಟವೇ ಹರಿಯುವುದು ಒಂದು ರೋಗ. ಪುಟಗಳು ಸರಿಯಿದ್ದು ಸೂಚಿ ಮಾತ್ರ ತಪ್ಪುವುದು ಇನ್ನೊಂದು. ಎರಡಕ್ಕೂ ಒಂದೇ ಮದ್ದಲ್ಲ.

ಲಕ್ಷಣಗಳು

ಯಂತ್ರ ಪ್ರಾರಂಭವಾಗಲು ದೀರ್ಘಕಾಲ ಹಿಡಿಯುವುದು, ಕಡತವನ್ನು ತೆರೆಯುವಾಗ ಪರದೆ ಸ್ತಬ್ಧವಾಗುವುದು, ಓದುವುದರಲ್ಲಿ ದೋಷವಿದೆ ಎಂಬ ಸಂದೇಶ ಬರುವುದು, ಇವು ಮೊದಲ ಸೂಚನೆಗಳು. ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ?’ ಎಂಬ ಪ್ರಶ್ನೆ ಪರದೆಯ ಮೇಲೆ ಮೂಡಿದರೆ ಎಂದಿಗೂ ಸಮ್ಮತಿಸಬಾರದು. ಡಿಸ್ಕಿನಿಂದ ‘ಟಕ್ ಟಕ್’ ಎಂಬ ಸದ್ದು ಒಂದೇ ಸಮನೆ ಕೇಳಿಸಿದರೆ ಸ್ಥಿತಿ ಗಂಭೀರ. ಆಗ ತಕ್ಷಣ ವಿದ್ಯುತ್ ನಿಲ್ಲಿಸಬೇಕು. ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ಶಿರವು ತಟ್ಟೆಯನ್ನು ಕೆರೆಯುವ ಅಪಾಯವಿದೆ. ಅಂತಹ ಡಿಸ್ಕನ್ನು ಮನೆಯಲ್ಲಿ ಬಿಚ್ಚುವುದಾಗಲಿ, ಶೀತಕದಲ್ಲಿ ಇಡುವುದಾಗಲಿ ಸಲ್ಲದು. ಅದು ಧೂಳುರಹಿತ ಕೊಠಡಿಯುಳ್ಳ ತಜ್ಞರ ಕೆಲಸ, ವೆಚ್ಚವೂ ಹೆಚ್ಚು.

ಪ್ರತಿ ತೆಗೆಯುವ ಕ್ರಮ

ಸದ್ದಿಲ್ಲದ ಡಿಸ್ಕಿನಿಂದ ಮನೆಯಲ್ಲೇ ಪ್ರತಿ ತೆಗೆಯಬಹುದು. ಬೇರೆಲ್ಲಿಯೂ ದೊರೆಯದ ಪತ್ರ, ಲೆಕ್ಕ, ಚಿತ್ರಗಳಿಗೆ ಮೊದಲ ಸ್ಥಾನ. ಚಲನಚಿತ್ರ, ಹಾಡುಗಳಿಗೆ ಕೊನೆಯ ಸ್ಥಾನ. ಯಾವ ಕಾರಣಕ್ಕೂ ಅದೇ ಡಿಸ್ಕಿನಲ್ಲಿ ಹೊಸದೇನನ್ನೂ ಬರೆಯಬಾರದು. ವಿಂಡೋಸ್ ಪ್ರಾರಂಭವಾಗದಿದ್ದರೆ ಪೆನ್ ಡ್ರೈವಿನಿಂದಲೇ ನಡೆಯುವ ಲಿನಕ್ಸ್ ವ್ಯವಸ್ಥೆ ನೆರವಿಗೆ ಬರುತ್ತದೆ. ಅದರಲ್ಲಿ ಬಳಸಬಹುದಾದ ‘ಡಿಡಿ ರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶವು ಸುಲಭವಾಗಿ ಓದಬಲ್ಲ ಭಾಗವನ್ನು ಮೊದಲು ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ಹಾಳಾದ ಭಾಗಕ್ಕೆ ಅನಂತರ ಮರಳುತ್ತದೆ. ಮೂಲ ಯಾವುದು, ನಕಲು ಯಾವುದು ಎಂಬುದನ್ನು ಮಾತ್ರ ಎರಡು ಬಾರಿ ನೋಡಿ ಖಚಿತಪಡಿಸಿಕೊಳ್ಳಬೇಕು. ಅದಲುಬದಲಾದರೆ ಸರ್ವಸ್ವವೂ ಅಳಿಸಿಹೋಗುತ್ತದೆ.

ರೋಗ ಎಲ್ಲಿದೆ?

ದೋಷವೆಲ್ಲ ಡಿಸ್ಕಿನದೇ ಎನ್ನಲಾಗದು. ಹಳೆಯ ಯಂತ್ರದಲ್ಲಿ ಕೇಬಲ್ ಸಡಿಲವಾಗಿರಬಹುದು. ವಿದ್ಯುತ್ ಪೂರೈಸುವ ಘಟಕ ದುರ್ಬಲವಾಗಿರಬಹುದು. ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಸತ್ತರೆ ಗಡಿಯಾರ ಹಿಂದೆ ಬೀಳುತ್ತದೆ. ಬಯಾಸ್ ತನ್ನ ಸಿದ್ಧತೆಗಳನ್ನು ಮರೆಯುವುದರಿಂದ ಡಿಸ್ಕೇ ಇಲ್ಲವೆಂಬ ಸಂದೇಶ ಬರುವುದೂ ಉಂಟು. ಇವುಗಳಿಗೆ ತಗಲುವ ಖರ್ಚು ಹೊಸ ಯಂತ್ರದ ಬೆಲೆಯ ಮುಂದೆ ಗಣ್ಯವಲ್ಲ.

ಡಿಸ್ಕ್ ತನ್ನ ಆರೋಗ್ಯದ ದಾಖಲೆಯನ್ನು ‘ಸ್ಮಾರ್ಟ್’ ಎಂಬ ವ್ಯವಸ್ಥೆಯಲ್ಲಿ ತಾನೇ ಬರೆದಿಡುತ್ತದೆ. ‘ಕ್ರಿಸ್ಟಲ್ ಡಿಸ್ಕ್ ಇನ್ಫೋ’ದಂತಹ ಉಚಿತ ತಂತ್ರಾಂಶಗಳು ಅದನ್ನು ಓದಿ ತೋರಿಸುತ್ತವೆ. ಅದರಲ್ಲಿ ಮೀಸಲು ಪುಟಗಳಿಗೆ ವರ್ಗಾವಣೆಯಾದ ಸೆಕ್ಟರ್‌ಗಳ ಎಣಿಕೆ, ಓದಲಾಗದೆ ಬಾಕಿಯುಳಿದ ಸೆಕ್ಟರ್‌ಗಳ ಎಣಿಕೆ, ಇವೆರಡೂ ಏರುತ್ತಿದ್ದರೆ ಡಿಸ್ಕನ್ನು ನಂಬಬಾರದು. ಸಿಆರ್‌ಸಿ ದೋಷದ ಎಣಿಕೆ ಮಾತ್ರ ಏರುತ್ತಿದ್ದರೆ ಕೇಬಲನ್ನು ಶಂಕಿಸಬೇಕು. ಕೇಬಲ್ ಬದಲಿಸಿದ ಮೇಲೂ ಹಳೆಯ ಸಂಖ್ಯೆ ಇಳಿಯದು. ಮುಂದೆ ಏರದಿದ್ದರೆ ಸಾಕು.

ಆದರೆ ‘ಸ್ಮಾರ್ಟ್’ ದಾಖಲೆ ಶುದ್ಧವಾಗಿದೆಯೆಂದು ನಿಶ್ಚಿಂತರಾಗುವಂತಿಲ್ಲ. ಲಕ್ಷಕ್ಕೂ ಮೀರಿದ ಡಿಸ್ಕುಗಳನ್ನು ಅಭ್ಯಸಿಸಿ ಗೂಗಲ್ ಸಂಸ್ಥೆಯ ತಜ್ಞರು 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕೆಟ್ಟ ಡಿಸ್ಕುಗಳಲ್ಲಿ ಶೇಕಡಾ 56ಕ್ಕಿಂತ ಹೆಚ್ಚಿನವು ನಾಲ್ಕು ಪ್ರಬಲ ಸೂಚಕಗಳಲ್ಲಿ ಒಂದನ್ನೂ ತೋರಿರಲಿಲ್ಲ. ಆದರೆ ಡಿಸ್ಕಿನ ಮೇಲ್ಮೈ ಪರೀಕ್ಷೆಯಲ್ಲಿ ಮೊದಲ ದೋಷ ಕಂಡ ಡಿಸ್ಕುಗಳು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷವಿಲ್ಲದವುಗಳಿಗಿಂತ 39 ಪಟ್ಟು ಹೆಚ್ಚಾಗಿತ್ತು. ಎಂದರೆ, ಎಚ್ಚರಿಕೆ ಬಂದರೆ ನಂಬಬೇಕು; ಬಾರದಿದ್ದರೆ ಮೈಮರೆಯಬಾರದು.

ದುರಸ್ತಿ ಏಕೆ ಕೊನೆಗೆ?

ವಿಂಡೋಸ್‌ನಲ್ಲಿರುವ ‘ಚೆಕ್ ಡಿಸ್ಕ್’ ಉಪಕರಣದ ಉದ್ದೇಶ ಸೂಚಿಯನ್ನು ತಾಳೆ ಹಾಕುವುದು. ತಾಳೆಯಾಗದ ನಮೂದನ್ನು ಅದು ಹೊಡೆದುಹಾಕಬಹುದು. ಒಡೆಯನಿಲ್ಲದ ಪುಟಗಳನ್ನು ಹೆಸರಿಲ್ಲದ ತುಣುಕುಗಳಾಗಿ ಬೇರೆಡೆ ಸೇರಿಸಬಹುದು. ಲೆಕ್ಕವೇನೋ ಸರಿಹೋಗುತ್ತದೆ, ವಂಶಾವಳಿಯ ಕಡತ ಮಾತ್ರ ಮಾಯವಾಗಿರುತ್ತದೆ. ಅಲ್ಲದೆ ಡಿಸ್ಕನ್ನು ಪೂರ್ತಿ ಓದಿಸುವ ಪರೀಕ್ಷೆ ಗಂಟೆಗಟ್ಟಲೆ ನಡೆಯುವುದರಿಂದ, ಕೊನೆಯುಸಿರೆಳೆಯುತ್ತಿರುವ ಡಿಸ್ಕಿಗೆ ಅದೇ ಮಾರಕವಾಗಬಹುದು. ಪ್ರತಿ ಕೈಸೇರಿದ ಮೇಲೆ ಈ ಉಪಕರಣದ ಬಳಕೆಗೆ ಅಡ್ಡಿಯಿಲ್ಲ.

ಕನ್ನಡ ಕಡತಗಳ ವಿಷಯದಲ್ಲಿ ಒಂದು ಮಾತು. ‘ಬರಹ’, ‘ನುಡಿ’ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದ ಬರವಣಿಗೆಯು, ಆ ಶೈಲಿಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಇದು ಡಿಸ್ಕಿನ ದೋಷವಲ್ಲ. ಕಡತ ಕೆಟ್ಟಿತೆಂದು ಅಳಿಸಬಾರದು. ಅಕ್ಷರಶೈಲಿಗಳನ್ನೂ ಪ್ರತಿಯೊಡನೆ ಉಳಿಸಿಕೊಂಡು, ಬರವಣಿಗೆಯನ್ನು ಯೂನಿಕೋಡಿಗೆ ಪರಿವರ್ತಿಸುವುದು ಉತ್ತಮ.

ಮುನ್ನೆಚ್ಚರಿಕೆಯೇ ಮದ್ದು

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ಮುಖ್ಯ ಕಡತಗಳಿಗೆ ಮೂರು ಪ್ರತಿ, ಅವು ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಬೇರೆ ಸ್ಥಳದಲ್ಲಿ, ಇದು ತಜ್ಞರು ಹೇಳುವ ನಿಯಮ. ಹೊರನಾಡ ಕನ್ನಡಿಗರಿಗೆ ಆ ಬೇರೆ ಸ್ಥಳ ಊರಿನ ಮನೆಯೇ ಆಗಬಹುದು. ಆಯುಧಪೂಜೆಯ ದಿನ ಗಣಕಯಂತ್ರಕ್ಕೂ ಅರಿಶಿನ ಕುಂಕುಮವಿಟ್ಟು ಹೂವೇರಿಸುವ ಪದ್ಧತಿ ಅನೇಕ ಮನೆಗಳಲ್ಲಿದೆ. ಅದಕ್ಕೆ ಮುನ್ನ ಹೊಸದೊಂದು ಪ್ರತಿ ತೆಗೆದು, ಅದರಲ್ಲಿನ ನಾಲ್ಕಾರು ಕಡತಗಳನ್ನು ತೆರೆದು ನೋಡುವುದನ್ನು ರೂಢಿಸಿಕೊಂಡರೆ, ಡಿಸ್ಕ್ ಎಂದು ಕೆಟ್ಟರೂ ಮನೆಯ ನೆನಪುಗಳು ಸುರಕ್ಷಿತವಾಗಿ ಉಳಿಯುತ್ತವೆ.