ಮಹಜರಿಗೆ ಸಿಗದ ವಸ್ತುಗಳು

ಥಾಣೆಯ ಮಾಜಿವಾಡೆ ನಾಕಾದಲ್ಲಿ ಘೋಡಬಂದರ್ ರಸ್ತೆಗೆ ತಿರುಗಿದರೆ ಎಡಕ್ಕೆ ಯೇವೂರಿನ ಗುಡ್ಡ, ಬಲಕ್ಕೆ ಸಮುದ್ರದ ಹಿನ್ನೀರಿನ ಖಾಡಿ. ಮಾನಪಾಡಾ, ಕಾಸಾರವಡವಲಿ ಕಳೆದು ಗಾಯಮುಖದ ಹತ್ತಿರ ಬಂದಾಗ ಕಟ್ಟಡಗಳ ಸಾಲು ತೆಳುವಾಗುತ್ತದೆ. ಹಿಂದೆ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದ ಬಂದರಿನಿಂದ ರಸ್ತೆಗೆ ಈ ಹೆಸರು. ಈಗ ರಾತ್ರಿಯಿಡೀ ಇಲ್ಲಿ ಕಂಟೇನರ್ ಲಾರಿಗಳು ಓಡುತ್ತವೆ.

2021ರ ಮಾರ್ಚ್ 4ರ ರಾತ್ರಿ ಥಾಣೆಯ ಒಬ್ಬ ವ್ಯಾಪಾರಿ, ಕಾರಿನ ಅಲಂಕಾರ ಸಾಮಾನಿನ ಅಂಗಡಿಯವರು, ಇದೇ ರಸ್ತೆಯಲ್ಲಿ ಒಬ್ಬ ಪೊಲೀಸ್ ಅಧಿಕಾರಿಯನ್ನು ಕಂಡು ಬರುತ್ತೇನೆಂದು ಮನೆಯಲ್ಲಿ ಹೇಳಿ ಹೊರಟರು. ಅಧಿಕಾರಿಯ ಹೆಸರು ತಾವಡೆ, ಕಾಂದಿವಲಿಯವರು ಎಂದೂ ಹೇಳಿದ್ದರು. ಅದಕ್ಕೆ ಒಂದು ವಾರ ಮೊದಲು, ಫೆಬ್ರುವರಿ 25ರಂದು, ದಕ್ಷಿಣ ಮುಂಬೈಯ ಕಾರ್ಮೈಕಲ್ ರಸ್ತೆಯಲ್ಲಿ, ಮುಕೇಶ್ ಅಂಬಾನಿಯವರ ಮನೆಯ ಸಮೀಪ, 20 ಜಿಲೆಟಿನ್ ಕಡ್ಡಿಗಳಿದ್ದ ಒಂದು ಸ್ಕಾರ್ಪಿಯೊ ಸಿಕ್ಕಿತ್ತು. ಈ ವ್ಯಾಪಾರಿಯ ಬಳಿ ಇದ್ದು, ಕಳವಾಯಿತೆಂದು ಅವರೇ ದೂರು ಕೊಟ್ಟಿದ್ದ ಗಾಡಿ ಅದು.

ಮರುದಿನ ಮುಂಬ್ರಾದ ರೇತಿ ಬಂದರಿನ ಖಾಡಿಯಲ್ಲಿ ಅವರ ದೇಹ ಸಿಕ್ಕಿತು. ಪೊಲೀಸರು ಎಡಿಆರ್, ಅಂದರೆ ಆಕಸ್ಮಿಕ ಸಾವಿನ ವರದಿ, ದಾಖಲಿಸಿದರು; ಕರ್ನಾಟಕದಲ್ಲಿ ಯುಡಿಆರ್ ಎನ್ನುವುದಕ್ಕೆ ಮಹಾರಾಷ್ಟ್ರದ ಹೆಸರು ಇದು. ಕಳವಾ ಸೇತುವೆಯಿಂದ ಹಾರಿರಬೇಕು ಎಂಬ ಮಾತು ಮೊದಲ ದಿನವೇ ಹರಡಿತು. ಮನೆಯವರು ಒಪ್ಪಲಿಲ್ಲ. ಆ ವ್ಯಾಪಾರಿ ಚೆನ್ನಾಗಿ ಈಜು ಬಲ್ಲವರು. ಮಾಸ್ಕಿನ ಒಳಗೆ ಕರವಸ್ತ್ರಗಳಿದ್ದವು. ಇಷ್ಟು ಅಲ್ಲಿ ಕಂಡದ್ದು. ಕಾಣದೇ ಇದ್ದದ್ದನ್ನು ಹೇಳಿದವರು ಹೆಂಡತಿ. ಮನೆ ಬಿಡುವಾಗ ಕೊರಳಲ್ಲಿ ಚಿನ್ನದ ಸರವಿತ್ತು, ಕೈಯಲ್ಲಿ ಮೊಬೈಲ್ ಇತ್ತು, ಕಾರ್ಡುಗಳಿದ್ದವು. ದೇಹದ ಮೇಲೆ ಅವು ಇರಲಿಲ್ಲ.

ಕಾಣೆಯಾದ ವಸ್ತುಗಳಲ್ಲಿ ಒಂದೊಂದೂ ಒಂದೊಂದು ಕಡೆಗೆ ಕೈತೋರಿಸುತ್ತದೆ. ಸರ ಮಾತ್ರ ಇಲ್ಲದಿದ್ದರೆ ದರೋಡೆ ಎನ್ನಬಹುದು, ನೀರಿನಲ್ಲಿ ಕಳಚಿತು ಎಂದೂ ಅನ್ನಬಹುದು. ಮೊಬೈಲ್ ಹಾಗಲ್ಲ. ಕೊನೆಗೆ ಯಾರು ಕರೆದರು, ಎಲ್ಲಿಗೆ ಕರೆದರು ಎಂಬುದು ಅದರಲ್ಲಿರುತ್ತದೆ. ಈ ಮೊಬೈಲಿನ ಕೊನೆಯ ಜಾಡು ಸಿಕ್ಕಿದ್ದು ವಸಯಿ ಕಡೆಯಲ್ಲಿ ಎಂದು ತನಿಖೆಯವರು ಹೇಳಿದರು. ದೇಹ ಸಿಕ್ಕ ಮುಂಬ್ರಾ ಒಂದು ತುದಿ, ವಸಯಿ ಇನ್ನೊಂದು ತುದಿ. ನಡುವೆ ಘೋಡಬಂದರ್ ರಸ್ತೆ. ಮಾರ್ಚ್ 7ರಂದು ಹೆಂಡತಿಯ ದೂರಿನ ಮೇಲೆ ಭಯೋತ್ಪಾದನಾ ನಿಗ್ರಹ ದಳ (ಎಟಿಎಸ್) ಕೊಲೆ ಪ್ರಕರಣ ದಾಖಲಿಸಿತು. ಎರಡೇ ದಿನದಲ್ಲಿ ಎಡಿಆರ್ ಹೋಗಿ ಕೊಲೆಯ ಎಫ್‌ಐಆರ್ ಬಂತು.

ಸ್ಥಳದಲ್ಲಿ ಇರುವುದನ್ನು ಬರೆಯುವ ಕೆಲಸಕ್ಕೆ ನಮ್ಮಲ್ಲಿ ಹಳೆಯ ಹೆಸರು ಮಹಜರು. ಬೆಳಗಾವಿ, ಧಾರವಾಡದ ಕಡೆ ಪಂಚನಾಮೆ, ಮರಾಠಿಯಲ್ಲಿ ಪಂಚನಾಮಾ. ಮಹಜರು ಎಂಬ ಅರಬ್ಬೀ ಮೂಲದ ಪದ ಆದಿಲಶಾಹಿ, ಮರಾಠಾ ಕಾಲದ ನ್ಯಾಯಸಭೆಗಳಿಂದ ಉಳಿದು ಬಂದಿದೆ. ಆಗ ಊರವರು ಕೂಡಿ ಕೇಳಿ ತೀರ್ಮಾನಿಸಿದ್ದನ್ನು ಬರೆದ ಪತ್ರ ಅದು. ಓದು ಬಾರದ ರೈತ ಸಹಿಯ ಜಾಗದಲ್ಲಿ ನೇಗಿಲ ಚಿತ್ರ ಬರೆಯುತ್ತಿದ್ದ, ಆಯಗಾರರು ತಮ್ಮ ತಮ್ಮ ಕಸುಬಿನ ಹತಾರದ ಗುರುತು ಹಾಕುತ್ತಿದ್ದರು. ಅಲ್ಲಿ ಕೂತವರಿಗೆ ಯಾರ ಹಟ್ಟಿಯಲ್ಲಿ ಎಷ್ಟು ದನ, ಯಾರ ಮನೆಯಲ್ಲಿ ಯಾವ ಕೊಪ್ಪರಿಗೆ ಎಂಬುದೆಲ್ಲ ಗೊತ್ತಿತ್ತು. ಒಂದು ಕಡಿಮೆಯಾದರೂ ಅವರ ಕಣ್ಣಿಗೆ ಬೀಳುತ್ತಿತ್ತು.

ಬ್ರಿಟಿಷರ ಕಾನೂನು ಇದರ ನೆರಳನ್ನು ಉಳಿಸಿಕೊಂಡಿತು. 1898ರ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮು, ಅನುಮಾನಾಸ್ಪದ ಸಾವಿನ ಸ್ಥಳದಲ್ಲಿ ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಎದುರಿಗೆ ತನಿಖೆ ನಡೆಯಬೇಕು ಎಂದಿತು. 1973ರ ಸಂಹಿತೆಯಲ್ಲೂ ಅದೇ ಸಂಖ್ಯೆ, ಅದೇ ಮಾತು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮು. ‘ನೆರೆಹೊರೆಯ’ ಎಂಬ ಒಂದು ಪದದಲ್ಲೇ ಇದರ ಜೀವ ಇದೆ ಎಂದು ನನಗನ್ನಿಸುತ್ತದೆ.

ಸ್ಥಳವನ್ನು ನೋಡುವುದನ್ನೇ ಒಂದು ವಿದ್ಯೆಯಾಗಿ ಕಟ್ಟಿದವರು ಆಸ್ಟ್ರಿಯಾದ ಗ್ರಾಟ್ಸ್ ನಗರದ ಹಾನ್ಸ್ ಗ್ರೋಸ್. ತನಿಖಾ ಮ್ಯಾಜಿಸ್ಟ್ರೇಟರಾಗಿ ದುಡಿದ ಅವರ ಕೈಪಿಡಿ 1893ರಲ್ಲಿ ಬಂತು. ಅದರ ಇಂಗ್ಲಿಷ್ ರೂಪ ಹೊರಬಂದದ್ದು ನಮ್ಮ ಪಕ್ಕದ ಮದರಾಸಿನಲ್ಲಿ, 1906ರಲ್ಲಿ. ಜಾನ್ ಆಡಂ ಮತ್ತು ಜೆ. ಕಾಲಿಯರ್ ಆಡಂ ಎಂಬ ಅಲ್ಲಿನ ಸರ್ಕಾರಿ ವಕೀಲರು ಇಲ್ಲಿನ ಪೊಲೀಸರಿಗೆ ಹೊಂದುವಂತೆ ಅದನ್ನು ಸಿದ್ಧಪಡಿಸಿದರು. ಏನನ್ನೂ ಮುಟ್ಟುವ ಮೊದಲು ಇದ್ದದ್ದನ್ನು ಇದ್ದ ಹಾಗೆ ಬರೆ, ನಕ್ಷೆ ತೆಗೆ ಎಂಬ ಶಿಸ್ತು ಹೀಗೆ ಬೆಳೆಯಿತು. ಇಲ್ಲದ್ದನ್ನು ಗಮನಿಸುವುದು ಬೇರೆಯೇ ಮಾತು: ಗ್ರೋಸ್ ಪುಸ್ತಕಕ್ಕೆ ಒಂದು ವರ್ಷ ಮೊದಲೇ ಕಾನನ್ ಡಾಯ್ಲ್ ಅವರ ಶೆರ್ಲಾಕ್ ಹೋಮ್ಸ್, ರಾತ್ರಿ ನಾಯಿ ಬೊಗಳಲಿಲ್ಲ ಎಂಬುದರಿಂದಲೇ ಒಂದು ಗುಟ್ಟು ಬಿಡಿಸಿದ್ದ.

ಕನ್ನಡದಲ್ಲಿ ಪತ್ತೇದಾರ ಎಂಬ ಪದವನ್ನು ಮನೆಮನೆಗೆ ಒಯ್ದವರು ಎನ್. ನರಸಿಂಹಯ್ಯ. ಶಾಲೆಯಲ್ಲಿ ಹೆಚ್ಚು ಓದಲಾಗದ ಅವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪುರುಷೋತ್ತಮ, ಮಧುಸೂದನ, ಅರಿಂಜಯರನ್ನು ಓದಿದ ತಲೆಮಾರಿಗೆ ಪತ್ತೇದಾರ ಎಂದರೆ ಎಲ್ಲವನ್ನೂ ತಾನೇ ಕಾಣುವವನು. ನಿಜವಾದ ಕೋಣೆಯಲ್ಲಿ ಹಾಗೆ ಆಗುವುದಿಲ್ಲ. ಮೊದಲ ಸಲ ಒಂದು ಮನೆಗೆ ಕಾಲಿಟ್ಟವನಿಗೆ ಖಾಲಿ ಮೊಳೆ ಬರೀ ಮೊಳೆ. ಅಲ್ಲಿ ಗಡಿಯಾರ ತೂಗುತ್ತಿತ್ತೋ ದೇವರ ಪಟವೋ ಎಂದು ಆ ಮನೆಯವರನ್ನೇ ಕೇಳಬೇಕು.

ಥಾಣೆಯ ವ್ಯಾಪಾರಿಯ ಪ್ರಕರಣದಲ್ಲಿ ಕಾಣೆಯಾದದ್ದು ದೇಹದ ಮೇಲಿನ ವಸ್ತುಗಳಷ್ಟೇ ಅಲ್ಲ. ಸ್ಕಾರ್ಪಿಯೊ ಪ್ರಕರಣದ ತನಿಖೆ ಮಾಡುತ್ತಿದ್ದ ಪೊಲೀಸ್ ಅಧಿಕಾರಿ ಸಚಿನ್ ವಾಝೆ ವಾಸವಿದ್ದ ಥಾಣೆಯ ಸಾಕೇತ್ ವಸತಿ ಸಮುಚ್ಚಯದಿಂದ ಸಿಸಿಟಿವಿಯ ಡಿವಿಆರ್ ಅನ್ನು ಪೊಲೀಸರೇ ಒಯ್ದಿದ್ದರು. ಅದು ಅಲ್ಲಿಲ್ಲ ಎಂಬುದು ತನಿಖೆಯ ಇನ್ನೊಂದು ಎಳೆಯಾಯಿತು. ವಾಝೆಯನ್ನು ರಾಷ್ಟ್ರೀಯ ತನಿಖಾ ದಳವಾದ ಎನ್‌ಐಎ ಮಾರ್ಚ್ 13ರಂದು ಬಂಧಿಸಿತು. ಮಾರ್ಚ್ 28ರಂದು ಮುಳುಗುಗಾರರು ಬಾಂದ್ರಾ ಕುರ್ಲಾ ಸಂಕೀರ್ಣದ ಬಳಿ ಮಿಠಿ ನದಿಯ ಕೆಸರಿನಿಂದ ಡಿವಿಆರ್, ಸಿಪಿಯು, ಲ್ಯಾಪ್‌ಟಾಪ್, ಒಂದೇ ಸಂಖ್ಯೆಯ ಎರಡು ನಂಬರ್ ಪ್ಲೇಟುಗಳನ್ನು ಮೇಲೆತ್ತಿದರು. ಸೆಪ್ಟೆಂಬರಿನಲ್ಲಿ 10 ಮಂದಿಯ ಮೇಲೆ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. ಆರೋಪಗಳನ್ನು ತೂಗುವುದು ನ್ಯಾಯಾಲಯದ ಕೆಲಸ.

2024ರ ಜುಲೈ 1ರಿಂದ ಹೊಸ ಸಂಹಿತೆಯ 105ನೇ ಕಲಮಿನಂತೆ ಶೋಧ, ಜಪ್ತಿಗಳನ್ನು ವಿಡಿಯೊ ಮಾಡಲೇಬೇಕು. ಒಳ್ಳೆಯದೇ. ಪಂಚನಾಮೆಯ ಸಾಕ್ಷಿಯಾದ ಒಬ್ಬನೇ ಪಂಚ ಹತ್ತಾರು ಪ್ರಕರಣಗಳಿಗೆ ಸಹಿ ಹಾಕಿದ್ದನ್ನು ಕಂಡು ನ್ಯಾಯಾಲಯಗಳು ಎಷ್ಟೋ ಸಲ ಬೇಸತ್ತಿವೆ. ಆದರೆ ಕ್ಯಾಮೆರಾ ಸಹ ಇದ್ದದ್ದನ್ನೇ ಹಿಡಿಯುತ್ತದೆ.

ಘೋಡಬಂದರ್ ರಸ್ತೆಯ ಎತ್ತರದ ಕಟ್ಟಡಗಳಲ್ಲಿ ಪಕ್ಕದ ಫ್ಲ್ಯಾಟಿನ ಒಳಗೆ ಏನಿದೆ ಎಂದು ನೆರೆಯವರಿಗೆ ಗೊತ್ತಿರುವುದಿಲ್ಲ. ಗೊತ್ತಿರುವುದು ದಿನವೂ ಕಸ ಗುಡಿಸಿ ನೆಲ ಒರೆಸುವ ಕೆಲಸದವಳಿಗೆ. ಯಾವ ಕಪಾಟಿನ ಮೇಲೆ ಯಾವ ಪೆಟ್ಟಿಗೆ, ಯಾವ ಮೊಳೆಗೆ ಯಾವ ಬೀಗದ ಕೈ ಎಂಬುದು ಅವಳ ಕೈಗೇ ಗೊತ್ತು. ಏನಾದರೂ ಹೋದರೆ ಮೊದಲು ಸಂಶಯ ಬೀಳುವುದೂ ಅವಳ ಮೇಲೆಯೇ. ಪೊಲೀಸರು ಅವಳನ್ನು ಹೊರಗೆ ನಿಲ್ಲಿಸಿ ಅವಳ ಚೀಲ ಜಾಲಾಡುತ್ತಾರೆ. ಅವಳನ್ನು ಒಳಗೆ ಕರೆದು, ಒಂದು ಕುರ್ಚಿ ಕೊಟ್ಟು, ನಿನ್ನೆ ಒರೆಸಿದಾಗ ಇಲ್ಲಿ ಏನೇನಿತ್ತು ತಾಯಿ ಎಂದು ಕೇಳಿ ಬರೆದುಕೊಂಡ ಪಂಚನಾಮೆಯನ್ನು ನಾನು ಇನ್ನೂ ಓದಿಲ್ಲ.